ಹತ್ತೊಂಬತ್ತೆಂಬ ಸುಳ್ಳು

ರೇಡಿಯೋದವನು, "ಐನ್ ಜದ್ರದಲ್ಲಿ ಇಂದು ಹತ್ತೊಂಬತ್ತು ಹೊಸ ಪ್ರಕರಣಗಳು, ಪರಿಸ್ಥಿತಿ ಹತೋಟಿಯಲ್ಲಿದೆ" ಎಂದು ಓದಿ ಮುಗಿಸುವಷ್ಟರಲ್ಲಿ ನಝೀಹಾ ಎದ್ದು, ರೇಡಿಯೋವನ್ನು ಕಿಟಕಿಯ ಕಟ್ಟೆಯಿಂದ ಎತ್ತಿ, ಮೇಜಿನ ಖಾನೆಯೊಳಗೆ ತುರುಕಿ ಬೀಗ ಹಾಕಿದಳು. ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂದಿತ್ತು. ಆದರೆ ಅದು ಆಸ್ಪತ್ರೆಯ ಸ್ವತ್ತು.

ಇಪ್ಪತ್ನಾಲ್ಕು ವರ್ಷಗಳಿಂದ ಅವಳು ಆ ಗಣಿಯೂರಿನ ಆಸ್ಪತ್ರೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಳು. ರಕ್ತ, ಮೂತ್ರ, ಕಫ, ಏನು ಬಂದರೂ ಅವಳ ಮೇಜಿನ ಮೇಲಿಂದಲೇ ಹೋಗಬೇಕು. ಮದುವೆ ಆಗಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೇ ಯಾರೂ ಕೇಳಲಿಲ್ಲ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಕೇಳಿದವರಿದ್ದರು, ಅವಳೇ ಬೇಡವೆಂದಿದ್ದಳು. ಆ ಮಾತು ಬೇರೆ.

ಈ ಹತ್ತೊಂಬತ್ತು ಹುಟ್ಟುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅದರ ಅರ್ಧ ಕೆಲಸ ಮಾಡುತ್ತಿದ್ದವಳು ಅವಳೇ. ಪ್ರಾಂತ್ಯದ ಆರೋಗ್ಯ ಕಚೇರಿ ಐನ್ ಜದ್ರದಿಂದ ದಿನಕ್ಕೆ ಮೂವತ್ತು ಮಾದರಿಗಳನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಹೊರಗೆ ನೂರೈವತ್ತು ಜನ ಕೆಮ್ಮುತ್ತಾ ನಿಂತಿರುತ್ತಿದ್ದರು. ಒಂಬತ್ತೂವರೆಗೆ ಮೂವತ್ತು ಮುಗಿಯುತ್ತಿತ್ತು. ಉಳಿದವರು ಮನೆಗೆ ಹೋಗಿ ಥೈಮ್ ಎಲೆಯ ಕಷಾಯ ಕುಡಿದು ಮಲಗುತ್ತಿದ್ದರು, ಕೆಲವರು ಏಳುತ್ತಲೇ ಇರಲಿಲ್ಲ. ಕಳಿಸಿದ ಮೂವತ್ತರಲ್ಲಿ ಒಂದು ದಿನ ಹದಿನೆಂಟು, ಇನ್ನೊಂದು ದಿನ ಇಪ್ಪತ್ತು, ಮತ್ತೊಂದು ದಿನ ಹತ್ತೊಂಬತ್ತು ಜನಕ್ಕೆ ಸೋಂಕಿದೆ ಎಂದು ಉತ್ತರ ಬರುತ್ತಿತ್ತು. ಮೂವರಲ್ಲಿ ಇಬ್ಬರಿಗೆ. ಹಳ್ಳ ತುಂಬಿ ಹರಿಯುವಾಗ ಅದರೊಳಗೆ ಒಂದು ಕೊಡ ಮುಳುಗಿಸಿ ತೆಗೆದು, ಹಳ್ಳದಲ್ಲಿ ಒಂದೇ ಕೊಡ ನೀರಿದೆ ಎಂದು ಡಂಗುರ ಹೊಡೆಸಿದ ಹಾಗಿತ್ತು ಆ ಲೆಕ್ಕ. ಅದನ್ನೇ ನಂಬಿ ಭಾನುವಾರದ ಸಂತೆ ನಡೆಯುತ್ತಿತ್ತು, ಕಾಫಿ ಅಂಗಡಿಯಲ್ಲಿ ಇಸ್ಪೀಟು ನಡೆಯುತ್ತಿತ್ತು, ಮದುವೆಗಳಲ್ಲಿ ಒಂದೇ ತಟ್ಟೆಯ ಕುಸ್ಕುಸಿಗೆ ಎಂಟೆಂಟು ಕೈ ಇಳಿಯುತ್ತಿದ್ದವು.

ನಿಜವಾದ ಸಿಟ್ಟು ಶುರುವಾದದ್ದು ಮಾತ್ರ ಖಮ್ಸಾ ಸತ್ತ ಮೇಲೆ.

ಖಮ್ಸಾ ಸೋಂಕಿತರ ವಾರ್ಡಿನ ಆಯಾ. ನಝೀಹಾಳಿಗಿಂತ ಎರಡು ವರ್ಷ ದೊಡ್ಡವಳು, ದುಂಡು ದೇಹ, ಬಾಯಿ ತೆರೆದರೆ ನಗೆಚಟಾಕಿ. ಹೆಸರಿನ ಅರ್ಥ ಐದು. ಐದನೆಯದೂ ಹೆಣ್ಣಾದಾಗ ಅಪ್ಪ ಹೆಸರು ಹುಡುಕುವ ತಂಟೆಗೇ ಹೋಗದೆ ಎಣಿಸಿ ಬಿಟ್ಟಿದ್ದನಂತೆ. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಪ್ರಯೋಗಾಲಯದ ಹಿಂದಿನ ಮೆಟ್ಟಿಲಲ್ಲಿ ಕೂತು ರೊಟ್ಟಿ, ಹರೀಸಾ ಎಂಬ ಖಾರದ ಚಟ್ನಿ, ಆಲಿವ್ ತಿನ್ನುತ್ತಿದ್ದರು. ರೋಗ ಕಾಲಿಟ್ಟ ಮೊದಲ ತಿಂಗಳುಗಳಲ್ಲಿ ಖಮ್ಸಾ ಮುಖಕ್ಕೆ ಎರಡು ಬಟ್ಟೆಯ ಮಾಸ್ಕುಗಳನ್ನು ಒಂದರ ಮೇಲೊಂದು ಬಿಗಿದು, ಮೇಲೆ ತಲೆವಸ್ತ್ರದ ಸೆರಗನ್ನೂ ಸುತ್ತಿಕೊಳ್ಳುತ್ತಿದ್ದಳು.

ಜೂನ್ ಕೊನೆಯಲ್ಲಿ ಪ್ರಾಂತ್ಯದ ಕಚೇರಿಯಿಂದ ಹತ್ತು ಪೆಟ್ಟಿಗೆ ಬಿಳಿ ಮಾಸ್ಕು ಬಂದವು. ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿದವು, ಕೆನ್ನೆಯ ಮೇಲೆ ತೊಂಬತ್ತೈದು ಎಂದು ಅಚ್ಚು, ಕಿವಿಗೆ ಸಿಕ್ಕಿಸುವ ದಾರ. ಜೊತೆಗೆ ಮುದ್ರೆ ಒತ್ತಿದ ಪ್ರಮಾಣಪತ್ರ. ಸಾಮಾನು ಇಳಿಸಿಕೊಳ್ಳುವ ಗುಮಾಸ್ತ ಹಾಸಿಗೆ ಹಿಡಿದಿದ್ದರಿಂದ ನಝೀಹಾಳೇ ರುಜು ಹಾಕಿ ಇಳಿಸಿಕೊಂಡಳು, ಅವಳೇ ವಾರ್ಡಿಗೆ ಹಂಚಿದಳು. ಖಮ್ಸಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದೇನೇ, ಬಾತುಕೋಳಿ ಮೂತಿ. ಇದು ನನ್ನ ಕೆನ್ನೆಗೆ ಸಾಲುತ್ತಾ?"

"ಹಾಕ್ಕೊಳ್ಳೇ ಸುಮ್ನೆ. ಆ ಚಿಂದಿ ಬಟ್ಟೆಗಿಂತ ಸಾವಿರ ಪಾಲು ಮೇಲು ಇದು" ಎಂದಿದ್ದಳು ನಝೀಹಾ.

ಅವಳೇ ಹೇಳಿದ್ದು. ತನ್ನದೇ ಬಾಯಿಂದ.

ಹದಿನೈದು ದಿನ ಕಳೆದಿರಲಿಲ್ಲ, ಒಂದು ಶುಕ್ರವಾರ ಖಮ್ಸಾಗೆ ಜ್ವರ ಬಂತು. ಶನಿವಾರ ಮಗಳು ವಿದಾದ್ ಅವಳನ್ನು ಕರೆತರುವ ಹೊತ್ತಿಗೆ ಮೂವತ್ತು ಮಾದರಿ ಮುಗಿದಿತ್ತು, ಭಾನುವಾರ ಬಾಗಿಲೇ ಇಲ್ಲ. ಪ್ಯಾರಿಸ್ಸಿನಲ್ಲಿ ದುಡಿಯುವ ಊರಿನ ಹುಡುಗರ ಸಂಘವೊಂದು ಕಳಿಸಿದ್ದ ಇನ್ನೂರು ದಿಢೀರ್ ಪರೀಕ್ಷೆಯ ಪಟ್ಟಿಗಳು ನಝೀಹಾಳ ಬೀರುವಿನಲ್ಲಿದ್ದವು. ಹದಿನೈದು ನಿಮಿಷದಲ್ಲಿ ಉತ್ತರ ಹೇಳುವಂಥವು. ಒಂದನ್ನು ತೆಗೆದು ನೋಡಿದಳು. ಸೋಂಕಿನ ಗುರುತಾದ ಎರಡು ಗೆರೆ ಎದ್ದು ಬಂದವು. ಆದರೆ ಈ ಪಟ್ಟಿಗಳ ಉತ್ತರವನ್ನು ಕಚೇರಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಆಗಲೇ ವಾರ್ಡು ಸೇರಿದವರ ಮಾದರಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತಾನು ಎರಡು ವರ್ಷ ನೆಲ ಒರೆಸಿದ ವಾರ್ಡಿನಲ್ಲೇ, ಕಿಟಕಿ ಪಕ್ಕದ ಮಂಚದ ಮೇಲೆ ಖಮ್ಸಾ ಒಂಬತ್ತು ದಿನ ಉಸಿರಿಗಾಗಿ ಹೆಣಗಿ ಸತ್ತಳು. ಮರಣಪತ್ರದಲ್ಲಿ ಹೃದಯಸ್ತಂಭನ ಎಂದು ಬರೆದರು. ಆ ಸಂಜೆಯೂ ರೇಡಿಯೋದವನು ಹತ್ತೊಂಬತ್ತು ಎಂದ. ಆ ಹತ್ತೊಂಬತ್ತರಲ್ಲಿ ಖಮ್ಸಾ ಇರಲಿಲ್ಲ.

ನಝೀಹಾ ಅಳಲಿಲ್ಲ. ಮಣ್ಣಿಗೆ ಹೋಗಿ ಬಂದ ಮರುದಿನ ಬೀರು ತೆರೆದು ಉಳಿದ ಪಟ್ಟಿಗಳನ್ನು ಎಣಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಒಂದು ಕೆಲಸ ಶುರುಮಾಡಿದಳು. ಕೆಮ್ಮುತ್ತಾ ಬಂದವರನ್ನು ಪರೀಕ್ಷಿಸಿದರೆ ಕೆಮ್ಮಿನವರ ಲೆಕ್ಕ ಸಿಗುತ್ತದೆಯೇ ಹೊರತು ಊರಿನದಲ್ಲ. ಆದ್ದರಿಂದ ಈ ರೋಗದ ಸುಳಿವೇ ಇಲ್ಲದೆ, ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದವರನ್ನು ಹಿಡಿದಳು. ಹೆರಿಗೆಗೆ ಬಂದ ಹೆಂಗಸರು, ಕೂಸಿಗೆ ಲಸಿಕೆ ಹಾಕಿಸಲು ಬಂದ ತಾಯಂದಿರು, ಕೈಕಾಲು ಮುರಿದುಕೊಂಡವರು, ಚೇಳು ಕಚ್ಚಿಸಿಕೊಂಡವರು. ಕೇಳಿ, ಒಪ್ಪಿದವರ ಮೂಗಿಗೆ ಕಡ್ಡಿ ಹಾಕಿದಳು. ಹೆಸರು ಬೇಡ, ವಯಸ್ಸು ಮತ್ತು ಬೀದಿ ಸಾಕು.

ಮೂರನೆಯ ದಿನ ವಾರ್ಡಿನ ಹೊಣೆ ಹೊತ್ತಿದ್ದ ಡಾಕ್ಟರ್ ಬಲೀಗ್ ಕೆಂಡದಂತಾಗಿ ಬಂದ. ಮೂವತ್ತೊಂದರ ಹುಡುಗ, ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿದ್ದವು. ಕೆಮ್ಮುವವರನ್ನು ಬಿಟ್ಟು ಕಾಲುಳುಕಿದವರಿಗೆ ಪರೀಕ್ಷೆ ಮಾಡುತ್ತಿದ್ದೀರಂತೆ, ತಲೆ ನೆಟ್ಟಗಿದೆಯೇ ಎಂದು ಕೇಳಿದ.

"ಡಾಕ್ಟ್ರೇ, ಕೆಮ್ಮಿ ಜ್ವರ ಬಂದು ಉಸಿರು ಸಿಗದೆ ಬಂದೋನಿಗೆ ಈ ಪಟ್ಟಿ ಏನು ಹೊಸದು ಹೇಳುತ್ತೆ? ನೀವೇ ನೋಡಿ ಹೇಳ್ತೀರಲ್ಲ. ಊರಲ್ಲಿ ಎಷ್ಟು ಜನ ಏನೂ ಆಗಿಲ್ಲ ಅಂತ ಓಡಾಡ್ಕೊಂಡು ಹಂಚ್ತಿದ್ದಾರೆ, ಅದು ಗೊತ್ತಾ ನಿಮಗೆ? ನಿಮ್ಮ ಸಾಹೇಬ್ರಿಗೆ ಗೊತ್ತಾ?"

"ಅದನ್ನ ಲೆಕ್ಕ ಹಾಕೋದು ನಿಮ್ಮ ಕೆಲಸ ಅಲ್ಲ."

"ಯಾರ ಕೆಲಸ? ಹೇಳಿ, ಅವರನ್ನೇ ಕರ್ಕೊಂಡ್ ಬನ್ನಿ, ಕುರ್ಚಿ ಕೊಟ್ಟು ಕೂರಿಸ್ತೀನಿ."

ಬಲೀಗ್ ಕುಸಿದು ಕೂತು, ಇವತ್ತು ವಾರ್ಡಿಗೆ ಬಂದದ್ದು ನಲವತ್ತು ಜನ, ಆಮ್ಲಜನಕದ ಸಿಲಿಂಡರ್ ಬಂದದ್ದು ಆರು ಎಂದು ನೆಲಕ್ಕೆ ಹೇಳುವವನಂತೆ ಹೇಳಿದ. ಮರುದಿನದಿಂದ ಮೂಳೆ ಮುರಿದವರನ್ನು ಅವನೇ ಅವಳ ಬಾಗಿಲಿಗೆ ಕಳಿಸತೊಡಗಿದ.

ಹಾಗೆ ಬಂದವರಲ್ಲಿ ಒಬ್ಬರು ಬೂಬಕರ್. ಎಪ್ಪತ್ತೆರಡರ ಮುದುಕರು, ಏಣಿಯಿಂದ ಬಿದ್ದು ಮಣಿಕಟ್ಟು ಮುರಿದಿತ್ತು. ಮೂವತ್ತು ವರ್ಷ ಫಾಸ್ಫೇಟ್ ಗಣಿಯಲ್ಲಿ ದುಡಿದವರು. ಕೊನೆಯ ಹತ್ತು ವರ್ಷ ಗಣಿಗಿಳಿಯುವವರ ಧೂಳುಮಾಸ್ಕು ಸರಿಯಾಗಿ ಕೂತಿದೆಯೇ ಎಂದು ನೋಡುವುದೇ ಅವರ ಕೆಲಸವಾಗಿತ್ತು. ಊರಿಗೆಲ್ಲ ಅವರು ದೊಡ್ಡಪ್ಪ. ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಸೀನಿ, ಕಣ್ಣೊರೆಸಿಕೊಂಡು ಅವರು ನಝೀಹಾಳ ಮುಖವನ್ನೇ ದಿಟ್ಟಿಸಿದರು.

"ಏನು ದೊಡ್ಡಪ್ಪ, ಹಾಗೆ ನೋಡ್ತೀರಿ?"

"ನಿನ್ನನ್ನಲ್ಲಮ್ಮ, ಆ ಕೊಕ್ಕನ್ನ. ನೀನು ಮಾತಾಡಿದಾಗೆಲ್ಲ ಕನ್ನಡಕಕ್ಕೆ ಮಂಜು ಹಿಡೀತಿದೆ. ಗಾಳಿ ಬಟ್ಟೆಯೊಳಗಿಂದ ಬರ್ತಿಲ್ಲ, ಮೂಗಿನ ಪಕ್ಕದ ಸಂದಿಯಿಂದ ಬರ್ತಿದೆ. ಕೋಟೆ ಬಾಗಿಲಿಗೆ ಅಗಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೀಯ."

ಅವರು ಹೊಸದೊಂದು ಮಾಸ್ಕು ಕೇಳಿ ಪಡೆದು, ಕತ್ತರಿಯಿಂದ ಅದರ ಹೊಟ್ಟೆ ಸೀಳಿಸಿದರು. ಒಳಗಿನ ಪದರ ಬಿಡಿಸಿ, ಸರಿಯಾದ ಮಾಲಾಗಿದ್ದರೆ ನಡುವಿನ ಪದರಕ್ಕೆ ಕಾಗದದ ಚೂರು ತಾನಾಗಿ ಎಗರಿ ಅಂಟಬೇಕು, ಧೂಳನ್ನು ಹಿಡಿಯುವುದು ಆ ಎಳೆತವೇ ಎಂದರು. ನಝೀಹಾ ಹಳೆಯ ಚೀಟಿ ಹರಿದು ಚೂರು ಮಾಡಿ ಮೇಲೆ ಹಿಡಿದಳು. ಚೂರುಗಳು ಮೇಜಿನ ಮೇಲೆ ಬಿದ್ದವು. ಬೇರೆ ಪೆಟ್ಟಿಗೆಯಿಂದ ಮತ್ತೊಂದು ಸೀಳಿದಳು. ಅದೂ ಅಷ್ಟೇ. ನಡುವಿನ ಪದರವೆಂದರೆ ಒಂದು ತೆಳು ಕಾಗದ.

"ದೊಡ್ಡಪ್ಪ, ಇದನ್ನ ನಾನೇ ಅವಳ ಕೈಗೆ ಕೊಟ್ಟೆ" ಎಂದಳು.

ಯಾರ ಕೈಗೆ ಎಂದು ಮುದುಕರು ಕೇಳಲಿಲ್ಲ. ಊರು ಚಿಕ್ಕದು. "ಕಾಗದದ ಚೂರು ಸಾಕಾಗಲ್ಲ, ನಾಳೆ ಸರಿಯಾಗಿ ಪರೀಕ್ಷೆ ಮಾಡೋಣ. ಸಕ್ಕರೆ ಕಾಯಿಲೆಯವರು ಚಹಾಕ್ಕೆ ಹಾಕ್ಕೊಳ್ಳೋ ಸಿಹಿಗುಳಿಗೆ ಎರಡು ಡಬ್ಬಿ ತರಿಸು" ಎಂದು ಹೇಳಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಟರು.

ಮರುದಿನ ಹಿಂದಿನ ಅಂಗಳದಲ್ಲಿ, ಮಲ್ಬೆರಿ ಮರದ ನೆರಳಲ್ಲಿ ಪರೀಕ್ಷೆ ನಡೆಯಿತು. ತಂತಿಯ ಬಳೆಗೆ ಪಾರದರ್ಶಕ ಪ್ಲಾಸ್ಟಿಕ್ ಹೊಲಿದು ಭುಜದವರೆಗೂ ಇಳಿಯುವ ಒಂದು ಮುಸುಕು ಮಾಡಿದ್ದರು. ಗುಳಿಗೆ ಕರಗಿಸಿದ ನೀರನ್ನು ಉಬ್ಬಸದವರಿಗೆ ಔಷಧಿ ಕೊಡುವ ಯಂತ್ರದಿಂದ ಮಂಜಾಗಿಸಿ ಮುಸುಕಿನೊಳಗೆ ಬಿಡುವುದು. ಮೊದಲು ಮಾಸ್ಕಿಲ್ಲದೆ: ನಾಲಿಗೆಗೆ ಸಿಹಿ ಹತ್ತುತ್ತದೆಯೇ ನೋಡಲು. ಆಮೇಲೆ ಬಾಯಿ ಮುಕ್ಕಳಿಸಿ, ಮಾಸ್ಕು ಹಾಕಿಕೊಂಡು ಅದೇ ಮಂಜಿನಲ್ಲಿ ಬಾಯಲ್ಲಿ ಉಸಿರಾಡುತ್ತಾ, ತಲೆ ಆಡಿಸುತ್ತಾ, ಗಟ್ಟಿಯಾಗಿ ಎಣಿಸುತ್ತಾ ಕೂರುವುದು. ಆಗಲೂ ಸಿಹಿ ಹತ್ತಿದರೆ ಮಾಸ್ಕು ಸೋರುತ್ತಿದೆ ಎಂದೇ ಅರ್ಥ.

ಕಚೇರಿಯ ಬಿಳಿ ಮಾಸ್ಕಿನಲ್ಲಿ ಹತ್ತು ಜನ ಕೂತರು. ಹತ್ತಕ್ಕೆ ಹತ್ತೂ ಜನ, ಹತ್ತರವರೆಗೆ ಎಣಿಸುವ ಮೊದಲೇ ಕೈಯೆತ್ತಿದರು. ಮೂಗಿನ ಮೇಲಿನ ತಗಡನ್ನು ಒತ್ತಿ ಕೂರಿಸಿದರೂ ಅಷ್ಟೇ, ಕಿವಿದಾರಕ್ಕೆ ಗಂಟು ಹಾಕಿ ಬಿಗಿಮಾಡಿದರೂ ಅಷ್ಟೇ. ನಂತರ ಬೂಬಕರ್ ತಮ್ಮ ಮನೆಯ ಅಟ್ಟದಿಂದ ತಂದಿದ್ದ ಗಣಿಯ ಧೂಳುಮಾಸ್ಕು ಹಾಕಿಸಿದರು. ಬಟ್ಟಲಿನಂಥವು, ಒಂದು ಪಟ್ಟಿ ನೆತ್ತಿಯ ಹಿಂದಕ್ಕೆ, ಇನ್ನೊಂದು ಕುತ್ತಿಗೆಗೆ. ಎಂಟು ಜನಕ್ಕೆ ಏನೂ ಹತ್ತಲಿಲ್ಲ. ಉಳಿದಿಬ್ಬರಲ್ಲಿ ಒಬ್ಬ ದಾದಿಯ ಮುಖ ತೀರ ಸಣ್ಣದು. ಇನ್ನೊಬ್ಬ ಬಲೀಗ್.

"ಡಾಕ್ಟ್ರೇ, ಆ ಗಡ್ಡ ತೆಗೀರಿ" ಎಂದರು ಮುದುಕರು. "ಗಡ್ಡದ ಮೇಲೆ ಮಾಸ್ಕು ಕೂರಿಸೋದು ಅಂದ್ರೆ ಹುಲ್ಲಿನ ಮೇಲೆ ಮುಚ್ಚಳ ಇಟ್ಟ ಹಾಗೆ."

"ನಿಶ್ಚಿತಾರ್ಥಕ್ಕೆ ಅಂತ ಬಿಟ್ಟಿದ್ದು, ದೊಡ್ಡಪ್ಪ."

"ಬದುಕಿದ್ರೆ ತಾನೇ ನಿಶ್ಚಿತಾರ್ಥ?"

ಅಷ್ಟು ದಿನಗಳಲ್ಲಿ ಮೊದಲ ಬಾರಿ ಅಂಗಳದಲ್ಲಿ ನಗು ಕೇಳಿಸಿತು. ಅದು ನಿಂತದ್ದು ಕಾವಲುಗಾರ ಹಸ್ಸೂನ ಮುಸುಕಿನೊಳಗೆ ಕೂತಾಗ. ಮಾಸ್ಕಿಲ್ಲದೆ ಮಂಜು ಬಿಟ್ಟರೂ ಅವನು ಸುಮ್ಮನಿದ್ದ. ಇನ್ನಷ್ಟು ಬಿಟ್ಟರು. "ಏನೂ ಇಲ್ಲ. ಬರೀ ನೀರು" ಎಂದ. ಆ ಮಂಜು ಒಂದಷ್ಟು ದೂರದಲ್ಲಿ ನಿಂತವರ ತುಟಿಗೂ ಸಿಹಿಯಾಗಿ ಹತ್ತುತ್ತಿತ್ತು. ನಾಲಿಗೆಗೆ ರುಚಿ ತಿಳಿಯದಿರುವುದು ಈ ರೋಗದ ಒಂದು ಗುರುತು. ನಝೀಹಾ ಅವನನ್ನು ಒಳಗೆ ಕರೆದೊಯ್ದು ಪಟ್ಟಿಯಿಂದ ನೋಡಿದಳು. ಎರಡು ಗೆರೆ. ದಿನವೂ ಆಸ್ಪತ್ರೆಯ ಬಾಗಿಲಲ್ಲಿ ಬಂದವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದವನು ಅವನೇ.

ಅಂದು ಸಂಜೆ ಅವಳ ಲೆಕ್ಕವೂ ಮುಗಿಯಿತು. ನೂರ ಹನ್ನೆರಡು ಜನರನ್ನು ನೋಡಿದ್ದಳು, ಹದಿಮೂವರಿಗೆ ಸೋಂಕಿತ್ತು. ಒಂಬತ್ತು ಜನರಿಗೊಬ್ಬರು. ಊರಿನ ಜನಸಂಖ್ಯೆ ಇಪ್ಪತ್ತೇಳು ಸಾವಿರ. ಅಂದರೆ ಈ ಹೊತ್ತಿನಲ್ಲಿ ಮೂರು ಸಾವಿರದಷ್ಟು ಜನ ಸೋಂಕು ಹೊತ್ತು ತಿರುಗುತ್ತಿದ್ದಾರೆ. ನೋಡಿದವರು ಕಡಿಮೆ, ಆಸ್ಪತ್ರೆಗೆ ಬರುವವರು ಇಡೀ ಊರಿನ ಪಡಿಯಚ್ಚೂ ಅಲ್ಲ, ಆದ್ದರಿಂದ ಅವಳು ಮೂರು ಸಾವಿರ ಎಂದಷ್ಟೇ ಬರೆದು ಕೈತೊಳೆದುಕೊಳ್ಳಲಿಲ್ಲ. ಕಡಿಮೆಯೆಂದರೆ ಸಾವಿರದ ಏಳುನೂರು, ಹೆಚ್ಚೆಂದರೆ ಐದು ಸಾವಿರ, ಈ ಪಟ್ಟಿಗಳು ಕೆಲವರನ್ನು ತಪ್ಪಿಸಿಬಿಡುವುದರಿಂದ ಇನ್ನೂ ಹೆಚ್ಚಿದ್ದರೂ ಇರಬಹುದು ಎಂದು ಬರೆದಳು. ಕಚೇರಿಯ ಕಡತದ ಪ್ರಕಾರ ಆ ದಿನ ಊರಲ್ಲಿದ್ದ ಸೋಂಕಿತರು ಇನ್ನೂರ ಹನ್ನೆರಡು. ಸಂತೆಗೆ ಬರುವ ಎರಡು ಸಾವಿರ ಜನರಲ್ಲಿ ಇನ್ನೂರು ಜನ ಸೋಂಕಿನವರಿರುತ್ತಾರೆ ಎಂದೂ ಸೇರಿಸಿದಳು. ಒಂದು ಪುಟಕ್ಕೆ ಸೀಳಿದ ಮಾಸ್ಕೊಂದನ್ನು ಪಿನ್ನು ಹಾಕಿ ಸಿಕ್ಕಿಸಿ, ಪ್ರಾಂತ್ಯದ ಆರೋಗ್ಯ ನಿರ್ದೇಶಕ ತೌಹಾಮಿಯವರಿಗೆ ಕಳಿಸಿದಳು.

ಉತ್ತರ ನಾಲ್ಕು ದಿನಕ್ಕೆ ಬಂತು. ಅದರಲ್ಲಿ ಊರಿನ ಮಾತಿರಲಿಲ್ಲ, ಮಾಸ್ಕಿನ ಮಾತಿರಲಿಲ್ಲ. ಅಪ್ಪಣೆಯಿಲ್ಲದೆ ಪರೀಕ್ಷೆ ನಡೆಸಿದ್ದಕ್ಕೆ, ಸರ್ಕಾರಿ ಸಾಮಾನು ಹಾಳುಮಾಡಿದ್ದಕ್ಕೆ ಕಾರಣ ಕೇಳಲಾಗಿತ್ತು. ಸರ್ಕಾರಿ ಸಾಮಾನು ಎಂದರೆ ಕತ್ತರಿಸಿದ ಎರಡು ಮಾಸ್ಕು.

ನಝೀಹಾ ಆ ಕಾಗದವನ್ನು ವಾರ್ಡಿನ ಬಾಗಿಲಿಗೆ ಅಂಟಿಸಿದಳು. ಮಧ್ಯಾಹ್ನದೊಳಗೆ ಎಲ್ಲರೂ ಓದಿದ್ದರು. ಅಷ್ಟರಲ್ಲಿ ಬೂಬಕರ್ ಹಳೆಯ ಗಣಿಯವರ ಮನೆಮನೆ ಸುತ್ತಿ, ಅಟ್ಟ, ಪೆಟ್ಟಿಗೆ, ಕೋಳಿಗೂಡಿನ ಮಾಡು ಎಲ್ಲ ತಡಕಿಸಿ, ಕಟ್ಟು ಬಿಚ್ಚದ ನೂರ ನಲವತ್ತಮೂರು ಧೂಳುಮಾಸ್ಕು ಕೂಡಿಸಿ ಮೂರು ಗೋಣಿಚೀಲದಲ್ಲಿ ಕತ್ತೆಗಾಡಿಯ ಮೇಲೆ ತಂದಿಳಿಸಿದರು. ವಾರ್ಡಿನಲ್ಲಿ ದುಡಿಯುವ ಮೂವತ್ತೆಂಟು ಜನ ಅವನ್ನೇ ಹಾಕಿಕೊಂಡರು. ಹತ್ತು ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ, ಒಳ್ಳೆಯವು ಬರುವ ತನಕ ಇವನ್ನು ಮುಟ್ಟುವುದಿಲ್ಲ ಎಂದರು. ಒಬ್ಬ ರೋಗಿಯನ್ನೂ ಅವರು ಕೈಬಿಡಲಿಲ್ಲ. ಆದರೂ ಊರಿನ ರೇಡಿಯೋಗೆ ಆಸ್ಪತ್ರೆಯವರು ದಂಗೆ ಎದ್ದಿದ್ದಾರೆ ಎಂಬ ಸುದ್ದಿ ಮುಟ್ಟಿತು.

ಅದಕ್ಕೇ ತೌಹಾಮಿ ಸಾಹೇಬರು ಸ್ವತಃ ಬಂದರು. ಬಿಳಿ ಕಾರು, ಇಬ್ಬರು ಅಧಿಕಾರಿಗಳು, ಧ್ವನಿಮುದ್ರಕ ಹಿಡಿದ ರೇಡಿಯೋದ ಹುಡುಗಿ. ಸಾಹೇಬರ ಮುಖದ ಮೇಲೂ ಅದೇ ಬಿಳಿ ಮಾಸ್ಕು. ನುಣ್ಣಗೆ ಕ್ಷೌರ ಮಾಡಿದ ಮುಖ, ಮೃದು ಮಾತು. ತಾವೂ ಇದೇ ಮಾಸ್ಕು ಧರಿಸುತ್ತೇವೆ, ಪ್ರಮಾಣಪತ್ರವಿದೆ, ಒಬ್ಬರ ಅನುಮಾನಕ್ಕೆ ನೂರು ಜನ ಗಾಬರಿಯಾಗಬಾರದು ಎಂದರು. ಸಂಖ್ಯೆಗಳೆಂದರೆ ಬೆಂಕಿಯಿದ್ದ ಹಾಗೆ, ಗೊತ್ತಿಲ್ಲದವರ ಕೈಗೆ ಕೊಡಬಾರದು ಎಂದೂ ಹೇಳಿದರು. ಹೇಳುವಾಗ ನಝೀಹಾಳ ಕಡೆ ನೋಡಲಿಲ್ಲ.

ಅವಳು ಮುಸುಕನ್ನು ತಂದು ಮರದ ಕೆಳಗಿನ ಕುರ್ಚಿಯ ಮೇಲಿಟ್ಟಳು.

"ಸಾಹೇಬ್ರು ಐದು ನಿಮಿಷ ಕೂತ್ಕೋಬೇಕು. ಮಾಸ್ಕು ಸರಿ ಇದ್ರೆ ನಾನು ಎಲ್ಲರ ಮುಂದೆ ತಪ್ಪೊಪ್ಕೋತೀನಿ. ಕೆಲಸಾನೂ ಬಿಡ್ತೀನಿ."

ಅಂಗಳದಲ್ಲಿ ನಲವತ್ತು ಜನ. ಹುಡುಗಿಯ ಕೈಯಲ್ಲಿ ಧ್ವನಿಮುದ್ರಕ. ಸಾಹೇಬರು ನಕ್ಕು, ಅದಕ್ಕೇನಂತೆ ಎಂದು ಕೂತರು. ಮೊದಲು ಮಾಸ್ಕು ತೆಗೆಸಿ ಮಂಜು ಬಿಟ್ಟಳು. "ಹೌದು, ಸಿಹಿ. ಚಹಾಕ್ಕೆ ಸಕ್ಕರೆ ಜಾಸ್ತಿ ಆಯ್ತು" ಎಂದು ತಮಾಷೆ ಮಾಡಿದರು. ಬಾಯಿ ಮುಕ್ಕಳಿಸಿದರು. ಮಾಸ್ಕು ಹಾಕಿ ಮತ್ತೆ ಕೂತರು. ನಝೀಹಾ ಮುಸುಕು ಇಳಿಸಿ ಮಂಜು ಬಿಟ್ಟಳು, ಒಂದರಿಂದ ಎಣಿಸಿ ಎಂದಳು. ನಾಲ್ಕಕ್ಕೆ ಬರುವಾಗ ಅವರ ದನಿ ಒಂದು ಗಳಿಗೆ ನಿಂತಿತು. ಗಂಟಲಮಣಿ ಮೇಲೇರಿ ಇಳಿಯಿತು. ಅವಳು ಒಂದು ಮೊಳ ದೂರದಲ್ಲಿ, ಪ್ಲಾಸ್ಟಿಕ್ಕಿನ ಈಚೆ ನಿಂತು ಅವರ ಕಣ್ಣುಗಳನ್ನು ನೋಡಿದಳು. ಅವರೂ ಅವಳನ್ನು ನೋಡಿದರು. ಸಿಹಿ ಹತ್ತಿತ್ತು. ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತಾಯಿತು. ಐದು, ಆರು, ಏಳು ಎಂದು ಅವರು ಎಣಿಕೆ ಮುಂದುವರಿಸಿ ಇಪ್ಪತ್ತಕ್ಕೆ ಮುಗಿಸಿದರು.

"ಏನೂ ರುಚಿ ಇಲ್ಲ" ಎಂದರು ಹೊರಬಂದು. "ಮಾಸ್ಕು ಚೆನ್ನಾಗಿದೆ."

ಹಾಗೆಂದವರೇ ಮಾಸ್ಕನ್ನು ಗದ್ದಕ್ಕಿಳಿಸಿ, ಬೆಂಚಿನ ಮೇಲಿದ್ದ ನೀರಿನ ಬಾಟಲಿಗೆ ಕೈ ಹಾಕಿ ಗಟಗಟ ಕುಡಿದು, ಕರವಸ್ತ್ರದಿಂದ ನಾಲಿಗೆಯ ತುದಿ ಒರೆಸಿಕೊಂಡರು. ಬೂಬಕರ್ ಗೋಡೆಗೆ ಒರಗಿ ನಿಂತಿದ್ದರು. ಗಣಿಯ ಧೂಳು ತಿಂದ ಅವರ ಎದೆಯಲ್ಲಿ ದನಿಯೆತ್ತುವಷ್ಟು ಉಸಿರಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಸಿಹಿ ಹತ್ತದವರು ನಾಲಿಗೆ ಯಾಕೆ ಒರೆಸ್ಕೋತಾರೆ, ಸಾಹೇಬ್ರೇ?"

ನಝೀಹಾಳ ಎದೆಯಲ್ಲಿ ಒಂದು ತಿಂಗಳಿನಿಂದ ಕುದಿಯುತ್ತಿದ್ದುದು ಆ ಗಳಿಗೆ ತಣ್ಣಗಾಗಿ ಕಲ್ಲಾಯಿತು. ಅವಳು ಕೂಗಲಿಲ್ಲ. ದನಿ ಇಳಿಸಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

"ಸರಿ. ಮಾಸ್ಕು ಚೆನ್ನಾಗಿದೆ. ಹಾಗಾದ್ರೆ ಬನ್ನಿ ಒಳಗೆ. ಕಿಟಕಿ ಪಕ್ಕದ ಮಂಚ. ಖಮ್ಸಾ ಸತ್ತಿದ್ದು ಅಲ್ಲೇ. ಈಗ ಅಲ್ಲಿ ಬೇರೆಯವರಿದ್ದಾರೆ, ಕೆಮ್ತಿದ್ದಾರೆ. ಇದೇ ಮಾಸ್ಕು ಹಾಕ್ಕೊಂಡು ಅವರ ಪಕ್ಕದಲ್ಲಿ ಹತ್ತು ನಿಮಿಷ ಕೂತ್ಕೊಳ್ಳಿ. ನಾವು ಹನ್ನೆರಡು ಗಂಟೆ ಕೂರ್ತೀವಿ, ನಿಮ್ಮನ್ನ ಹತ್ತೇ ನಿಮಿಷ ಕೇಳ್ತಿದ್ದೀನಿ."

ವಾರ್ಡಿನ ಬಾಗಿಲನ್ನು ಒಬ್ಬ ದಾದಿ ತೆರೆದು ಹಿಡಿದಳು. ಒಳಗಿನ ಕೆಮ್ಮು ಅಂಗಳಕ್ಕೆ ಕೇಳಿಸಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಪ್ರಾಂತಾಧಿಪತಿಗಳ ಜೊತೆ ಸಭೆಯಿದೆ ಎಂದರು. ಬಿಳಿ ಕಾರು ಗೇಟು ದಾಟಿತು.

ರೇಡಿಯೋದಲ್ಲಿ ಅಂದು ಸಂಜೆ, ನಿರ್ದೇಶಕರು ಆಸ್ಪತ್ರೆಗೆ ಭೇಟಿ ನೀಡಿ ಸಿಬ್ಬಂದಿಗೆ ಧೈರ್ಯ ತುಂಬಿದರು ಎಂದು ಬಂತು. ಹೊಸ ಪ್ರಕರಣ ಇಪ್ಪತ್ತು. ಆದರೆ ನಲವತ್ತು ಜನ ಕಂಡದ್ದಕ್ಕೆ ಬೀಗ ಹಾಕಲಾಗುವುದಿಲ್ಲ. ರೊಟ್ಟಿಯ ಅಂಗಡಿಯಿಂದ ಬಾವಿಕಟ್ಟೆಗೆ, ಅಲ್ಲಿಂದ ಮದರಂಗಿ ಹಚ್ಚುವ ಮನೆಗಳಿಗೆ ಎರಡು ಮಾತು ಹೋದವು: ಒಂಬತ್ತಕ್ಕೊಬ್ಬರು, ಮತ್ತು ಸಾಹೇಬರು ನಾಲಿಗೆ ಒರೆಸಿಕೊಂಡರು. ಆ ಭಾನುವಾರದ ಸಂತೆಗೆ ಮೊದಲಿನ ಅರ್ಧದಷ್ಟೂ ಜನ ಬರಲಿಲ್ಲ. ಎರಡು ಮದುವೆ ಮುಂದೆ ಹೋದವು. ಮೂರನೆಯದು ನಡೆದೇ ನಡೆಯಿತು, ಅದರಿಂದಾದ ಕೇಡನ್ನು ಆಸ್ಪತ್ರೆ ಹತ್ತು ದಿನ ಅನುಭವಿಸಿತು. ಸಂತೆ ಮುಚ್ಚುವ ಅಧಿಕೃತ ಅಪ್ಪಣೆ ಬಂದದ್ದು ಹನ್ನೊಂದು ದಿನದ ಮೇಲೆ, ಮುನ್ನೆಚ್ಚರಿಕೆಯ ಕ್ರಮ ಎಂಬ ಹೆಸರಿನಲ್ಲಿ. ಮಾದರಿಗಳ ಸಂಖ್ಯೆಯನ್ನೂ ಮೂವತ್ತರಿಂದ ನೂರಕ್ಕೆ ಏರಿಸಿದರು. ಮರುದಿನವೇ ರೇಡಿಯೋದವನು, ಐನ್ ಜದ್ರದಲ್ಲಿ ಸೋಂಕು ದಿಢೀರನೆ ಅರವತ್ತಕ್ಕೆ ಏರಿದೆ ಎಂದು ಗಾಬರಿಯ ದನಿಯಲ್ಲಿ ಓದಿದ. ನಝೀಹಾ ಅದನ್ನು ಕೇಳಿ ನಕ್ಕಳು. ಆ ನಗುವಿಗೆ ಹೆದರಿ ಬಲೀಗ್ ರೇಡಿಯೋ ಆರಿಸಿದ.

ಅವಳ ಒಂದು ವರ್ಷದ ಬಡ್ತಿ ತಡೆಹಿಡಿದರು. ಮಾಸ್ಕು ಯಾರಿಂದ ಕೊಂಡದ್ದು ಎಂದು ಅವಳು ಮೂರು ಪತ್ರ ಬರೆದಳು, ಮೂರಕ್ಕೂ ಉತ್ತರವಿಲ್ಲ. ಧೂಳುಮಾಸ್ಕು ಹಾಕಿದ ಮೂವತ್ತೆಂಟು ಜನರಲ್ಲಿ ಆ ಬೇಸಿಗೆ ಮುಗಿಯುವವರೆಗೆ ಇಬ್ಬರಿಗೆ ಮಾತ್ರ ಸೋಂಕಾಯಿತು. ಅದು ಮಾಸ್ಕಿನಿಂದಲೇ ಎಂದು ಊರಿನವರು ಹೇಳುತ್ತಿದ್ದರು. ಅವಳು ಹಾಗೆ ಆಣೆಯಿಟ್ಟು ಹೇಳುತ್ತಿರಲಿಲ್ಲ, ಅಷ್ಟರಲ್ಲಿ ಅಲೆಯೂ ಇಳಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಖಮ್ಸಾಳ ಮಗಳು ವಿದಾದ್ ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ಕೈಯಲ್ಲಿ ತಾಯಿಯ ಮರಣಪತ್ರ. ಕೂರು ಎಂದರೆ ಕೂರಲಿಲ್ಲ.

"ಚಿಕ್ಕಮ್ಮ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಅಮ್ಮಂಗೆ ಆ ಬಿಳಿ ಮಾಸ್ಕೇ ಹಾಕ್ಕೋ ಅಂದಿದ್ದು ನೀವಾ?"

ಮಾಸ್ಕು ಕಳಿಸಿದವರು ಯಾರು, ಪ್ರಮಾಣಪತ್ರ ಕೊಟ್ಟವರು ಯಾರು ಎಂದೆಲ್ಲ ಹೇಳಬಹುದಿತ್ತು. ತೌಹಾಮಿಯ ಕಣ್ಣುಗಳು ನಝೀಹಾಳ ಕಣ್ಣ ಮುಂದೆ ಬಂದವು.

"ಹೂಂ ಕಣೇ. ನಾನೇ ಅಂದಿದ್ದು. ಒಳ್ಳೇದು ಅಂದ್ಕೊಂಡಿದ್ದೆ. ಸೀಳಿ ನೋಡ್ಬೇಕಿತ್ತು, ನೋಡಲಿಲ್ಲ."

ವಿದಾದ್ ಮರಣಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಈಗ ಆಗಲ್ಲ" ಎಂದಳು. "ಆದ್ರೆ ಇದ್ರಲ್ಲಿ ಹೃದಯ ಅಂತ ಬರ್ದಿದ್ದಾರೆ. ನಮ್ಮಮ್ಮನ ಹೃದಯ ಚೆನ್ನಾಗಿತ್ತು. ಇದನ್ನ ತಿದ್ದಿಸ್ಬೇಕು. ಅರ್ಜಿ ಹೇಗೆ ಬರೀಬೇಕು, ಹೇಳ್ಕೊಡಿ."

ಇಬ್ಬರೂ ಕೂತು ಬರೆದರು. ಬಲೀಗ್ ಸಾಕ್ಷಿ ಹಾಕಿದ. ಅರ್ಜಿ ಎರಡು ಸಲ ವಾಪಸು ಬಂತು. ಮೂರನೆಯ ಸಲ ನಝೀಹಾ ರಜೆ ಹಾಕಿ, ವಿದಾದಳೊಂದಿಗೆ ಬಸ್ಸು ಹತ್ತಿ ಪ್ರಾಂತ್ಯದ ಕಚೇರಿಗೇ ಹೋದಳು. ಕಿಟಕಿಯ ಹಿಂದಿದ್ದ ಗುಮಾಸ್ತ ಕಾಗದ ತಿರುವಿ, ಸತ್ತವರಂತೂ ಸತ್ತಾಯಿತು, ಈಗ ಇದನ್ನು ಬದಲಿಸಿದರೆ ಏನು ಬಂತು ಎಂದು ಕೇಳಿದ.

"ನಿಮ್ಮ ಲೆಕ್ಕಕ್ಕೆ ಒಂದು ಜಾಸ್ತಿ ಬಂತು" ಎಂದಳು ನಝೀಹಾ. "ಬರ್ಕೊಳ್ಳಿ."

ಅವನು ಊಟದ ಹೊತ್ತಾಯಿತು ಎಂದು ಕಿಟಕಿ ಮುಚ್ಚಿದ. ಅವರಿಬ್ಬರೂ ಅಲ್ಲೇ ಬೆಂಚಿನ ಮೇಲೆ, ನಡುವೆ ಒಂದು ಆಳಿನ ಜಾಗ ಬಿಟ್ಟು ಕೂತರು. ಎರಡು ಗಂಟೆಗೆ ಕಿಟಕಿ ತೆರೆದಾಗ ಎದ್ದು ಹೋಗಿ ಅದರ ಮುಂದೆ ನಿಂತರು. ಸಾಲು ಬೆಳೆಯಿತು, ಹಿಂದಿನವರು ಗೊಣಗಿದರು, ಇವರು ಅಲುಗಲಿಲ್ಲ. ಗುಮಾಸ್ತ ಬೈದುಕೊಳ್ಳುತ್ತಲೇ ಕಡತ ಹುಡುಕಿ, ಹೃದಯಸ್ತಂಭನ ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆಯಬೇಕಾದ್ದನ್ನು ಬರೆದು, ಮುದ್ರೆ ಒತ್ತಿದ.